ಬ್ರೇಕ್ ಲೈಟಿನ ಕರೆಂಟು ವಾಪಸ್ ಹೋಗುವ ದಾರಿ

ಒಂದು ರಾತ್ರಿ ಕಾರನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಪಾರ್ಕಿಂಗ್ ಲೈಟ್ ಹಾಕಿದೆ. ಕನ್ನಡಿಯಲ್ಲಿ ನೋಡಿದರೆ ಗೋಡೆಯ ಮೇಲೆ ಎರಡೂ ಕಡೆ ಕೆಂಪು ಬೆಳಕು ಸರಿಯಾಗಿಯೇ ಬಿದ್ದಿತ್ತು. ಬ್ರೇಕ್ ಒತ್ತಿದೆ. ಬಲಗಡೆ ಬೆಳಕು ಜೋರಾಯಿತು. ಎಡಗಡೆ ಮಾತ್ರ ಇದ್ದ ಬೆಳಕೂ ಮಂಕಾಯಿತು! ಅಷ್ಟೇ ಅಲ್ಲ, ಎಡಗಡೆಯ ಇಂಡಿಕೇಟರ್ ಬೂದಿ ಮುಚ್ಚಿದ ಕೆಂಡದ ಹಾಗೆ ಮಬ್ಬಾಗಿ ಹೊತ್ತಿಕೊಂಡಿತು. ನಾನು ಇಂಡಿಕೇಟರ್ ಮುಟ್ಟಿಯೇ ಇರಲಿಲ್ಲ.

ಬ್ರೇಕ್ ಲೈಟಿನ ತೊಂದರೆ ಏನೆಂದರೆ ಅದು ಓಡಿಸುವವರ ಕಣ್ಣಿಗೆ ಬೀಳುವುದಿಲ್ಲ. ಹೆಡ್‌ಲೈಟ್ ಹೋದರೆ ಆ ರಾತ್ರಿಯೇ ಗೊತ್ತಾಗುತ್ತದೆ. ಬ್ರೇಕ್ ಲೈಟ್ ಹೋದದ್ದು ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು. ಹಿಂದೆ ಬರುವವರು ಹೇಳಬೇಕು, ಇಲ್ಲವೇ ನಾವೇ ಹೀಗೆ ಗೋಡೆ ನೋಡಬೇಕು.

ಇದನ್ನು ಬಿಡಿಸಲು ಮೊದಲು ಕರೆಂಟಿನ ದಾರಿ ತಿಳಿದಿರಬೇಕು. ಬ್ಯಾಟರಿಯ ಪ್ಲಸ್‌ನಿಂದ ಹೊರಟು ಫ್ಯೂಸ್ ದಾಟುತ್ತದೆ. ಬ್ರೇಕ್ ಪೆಡಲ್‌ನ ತಲೆ ಹತ್ತಿರ ಇರುವ ಪುಟ್ಟ ಸ್ವಿಚ್‌ಗೆ ಬರುತ್ತದೆ. ಅಲ್ಲಿಂದ ಕಾರಿನ ಉದ್ದಕ್ಕೂ ಓಡಿ ಹಿಂದಿನ ಬಲ್ಬಿಗೆ. ದಾರಿ ಅಲ್ಲಿಗೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಮುಗಿಯುವುದಿಲ್ಲ. ಹೋದ ಕರೆಂಟು ಹೋದಷ್ಟೂ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಬೇಕು. ಅದಕ್ಕೆ ಇನ್ನೊಂದು ಉದ್ದನೆಯ ವೈರ್ ಎಳೆದರೆ ತಾಮ್ರ ದಂಡ ಅಂತ ಕಾರಿನ ಬಾಡಿಯನ್ನೇ ವೈರ್ ಮಾಡಿಕೊಂಡಿದ್ದಾರೆ. ಲ್ಯಾಂಪಿನಿಂದ ಗೇಣುದ್ದದ ಒಂದು ವೈರು, ಸಾಮಾನ್ಯವಾಗಿ ಕಪ್ಪು ಇಲ್ಲವೇ ಕಂದು, ಹೊರಟು ಹತ್ತಿರದ ತಗಡಿಗೆ ಬೋಲ್ಟ್ ಆಗಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಅರ್ಥ್ ಅನ್ನುತ್ತಾರೆ. ಅರ್ಥ್ ಕೆಟ್ಟರೆ ಎಲ್ಲ ಅನರ್ಥ.

ಈಗ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಬಹಳಷ್ಟು ಕಾರುಗಳಲ್ಲಿ ಪಾರ್ಕಿಂಗ್‌ಗೂ ಬ್ರೇಕ್‌ಗೂ ಒಂದೇ ಬಲ್ಬ್. ಗಾಜಿನೊಳಗೆ ಎರಡು ಸುರುಳಿ ತಂತಿ. 5 ವ್ಯಾಟಿನದ್ದು ಪಾರ್ಕಿಂಗ್‌ಗೆ, 21 ವ್ಯಾಟಿನದ್ದು ಬ್ರೇಕ್‌ಗೆ. ಬುಡದಲ್ಲಿ ಬೆಸುಗೆಯ ಎರಡು ಬೊಟ್ಟು, ಸುರುಳಿಗೊಂದು. ವಾಪಸ್ ಬರುವ ದಾರಿ ಮಾತ್ರ ಎರಡಕ್ಕೂ ಒಂದೇ, ಬಲ್ಬಿನ ಲೋಹದ ಕವಚ. ಪಕ್ಕದ ಎರಡು ಪಿನ್ನುಗಳು ಸಮ ಎತ್ತರದಲ್ಲಿ ಇರುವುದಿಲ್ಲ. ಬಲ್ಬ್ ಉಲ್ಟಾ ಕೂರಬಾರದು ಅಂತ ಮಾಡಿದ ಉಪಾಯ ಅದು. ಆದರೂ ಬಲವಂತವಾಗಿ ತುರುಕುವವರು ಇದ್ದಾರೆ. ಆಗ ಪಾರ್ಕಿಂಗ್ ಹಾಕಿದರೆ ಜೋರು ಬೆಳಕು, ಬ್ರೇಕ್ ಒತ್ತಿದರೆ ಮಿಣುಕು.

ನನ್ನ ಕಾರಿನ ವಿಚಾರಕ್ಕೆ ಬರುತ್ತೇನೆ. ಎಡಗಡೆ ಲ್ಯಾಂಪಿನ ಅರ್ಥ್ ಕಡಿದು ಹೋಗಿದೆ ಅಂದುಕೊಳ್ಳಿ. ಆ ಡಬ್ಬಿಯೊಳಗಿನ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಮೂರಕ್ಕೂ ಅದೊಂದೇ ವಾಪಸ್ ದಾರಿ. ಬ್ರೇಕ್ ಒತ್ತುತ್ತೇನೆ. 21 ವ್ಯಾಟಿನ ಸುರುಳಿ ದಾಟಿ ಬಂದ ಕರೆಂಟಿಗೆ ಮುಂದೆ ದಾರಿ ಇಲ್ಲ. ಅದು ಪಕ್ಕದ ಇಂಡಿಕೇಟರ್ ಬಲ್ಬಿಗೆ ಹಿಂಬಾಗಿಲಿನಿಂದ ನುಗ್ಗುತ್ತದೆ. ಇಂಡಿಕೇಟರ್ ವೈರ್ ಹಿಡಿದು ಕಾರಿನ ಮುಂದಿನ ಇಂಡಿಕೇಟರ್‌ಗೆ ಓಡುತ್ತದೆ. ಅಲ್ಲಿ ಅರ್ಥ್ ಚೆನ್ನಾಗಿದೆ, ಮನೆ ಸೇರುತ್ತದೆ. ಸಾಲಾಗಿ ಮೂರು ಬಲ್ಬು, ಮೂರೂ 21 ವ್ಯಾಟಿನವು. 12 ವೋಲ್ಟನ್ನು ಮೂವರೂ ಹಂಚಿಕೊಂಡರೆ ತಲೆಗೆ 4 ವೋಲ್ಟ್. ಅಷ್ಟರಲ್ಲಿ ಬಲ್ಬ್ ಬೆಳಗುವುದಿಲ್ಲ, ಸುಮ್ನೆ ಕೆಂಪಗಾಗುತ್ತದೆ. ನಾನು ನೋಡಿದ ಕೆಂಡ ಅದೇ.

ಹಾಗಾದರೆ ಬ್ರೇಕ್ ಒತ್ತುವ ಮೊದಲು ಪಾರ್ಕಿಂಗ್ ಲೈಟ್ ಚೆನ್ನಾಗಿ ಉರಿಯುತ್ತಿತ್ತಲ್ಲ, ಅದು ಹೇಗೆ? ನನ್ನನ್ನು ಜಾಸ್ತಿ ಕಾಡಿದ್ದು ಈ ಪ್ರಶ್ನೆ. ಉತ್ತರ ಚೆಂದ ಇದೆ. 5 ವ್ಯಾಟಿನ ಸುರುಳಿಗೆ ಬೇಕಾದ ಕರೆಂಟು ಅರ್ಧ ಆಂಪಿಯರ್‌ಗಿಂತ ಕಡಿಮೆ. ಬ್ರೇಕಿನ ದಪ್ಪ ಸುರುಳಿ ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ತೀರಾ ಕಡಿಮೆ, ಬಿಸಿಯಾದಾಗ ಇರುವುದರ ಸುಮಾರು ಹತ್ತನೇ ಒಂದು ಭಾಗ. ಹಾಗಾಗಿ ಪಾರ್ಕಿಂಗ್ ಕರೆಂಟು ಆ ತಣ್ಣಗಿನ ಸುರುಳಿಯನ್ನೇ ಸೇತುವೆ ಮಾಡಿಕೊಂಡು, ಬ್ರೇಕ್ ವೈರಿನಲ್ಲಿ ಬಲಗಡೆ ಲ್ಯಾಂಪಿಗೆ ಹೋಗಿ ಅಲ್ಲಿ ಅರ್ಥ್ ಸೇರುತ್ತಿತ್ತು. ಯಾರಿಗೂ ಅನುಮಾನ ಬರದ ಹಾಗೆ ಲೈಟ್ ಉರಿಯುತ್ತಿತ್ತು. ಬ್ರೇಕ್ ಒತ್ತಿದ ಕೂಡಲೇ ಆ ವೈರಿಗೂ 12 ವೋಲ್ಟ್ ಬಂತು, ಸೇತುವೆ ಮುಚ್ಚಿತು, ಬೆಳಕು ಕುಸಿಯಿತು.

ಇಷ್ಟೆಲ್ಲ ನನಗೆ ಆ ರಾತ್ರಿಯೇ ಹೊಳೆಯಲಿಲ್ಲ ಬಿಡಿ. ಮೊದಲು ಎಲ್ಲರ ಹಾಗೆ ಬಲ್ಬ್ ಬದಲಾಯಿಸಿದೆ. ಏನೂ ಬದಲಾಗಲಿಲ್ಲ. ಆಮೇಲೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ತಂದು ಬಲ್ಬ್ ತೆಗೆದು ಹೋಲ್ಡರ್ ಒಳಗೆ ಅದರ ಎರಡು ಕಡ್ಡಿ ಇಟ್ಟೆ. ಬ್ರೇಕ್ ಒತ್ತಿಸಿದಾಗ 12.4 ವೋಲ್ಟ್ ತೋರಿಸಿತು. ಕರೆಂಟು ಬರುತ್ತಿದೆ, ಎಲ್ಲ ಸರಿ ಇದೆ ಅಂದುಕೊಂಡೆ. ಇಡೀ ಸಂಜೆ ಹಾಳಾಯಿತು.

ಮೀಟರ್ ಸುಳ್ಳು ಹೇಳಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು. ವೋಲ್ಟ್ ಅಳೆಯುವಾಗ ಮಾಮೂಲಿ ಡಿಜಿಟಲ್ ಮೀಟರ್ ತನ್ನೊಳಗೆ ಬಿಟ್ಟುಕೊಳ್ಳುವ ಕರೆಂಟು ಎಷ್ಟು ಗೊತ್ತಾ? ಅದರ ಒಳಗಿನ ರೆಸಿಸ್ಟೆನ್ಸ್ ಸುಮಾರು 1 ಕೋಟಿ ಓಮ್. ಅಂದರೆ 12 ವೋಲ್ಟಿಗೆ ಒಂದು ಆಂಪಿಯರ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ, ಸ್ವಲ್ಪ ಹೆಚ್ಚು. ದಾರಿಯಲ್ಲಿ 1000 ಓಮ್‌ನಷ್ಟು ಕಿಲುಬು ಕೂತಿದ್ದರೂ ಇಷ್ಟು ಸಣ್ಣ ಕರೆಂಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೀಟರ್ 12.4 ಅನ್ನುತ್ತದೆ. ಬ್ರೇಕ್ ಬಲ್ಬಿಗೆ ಬೇಕಾದದ್ದು ಪೌಣೆ ಎರಡು ಆಂಪಿಯರ್. ಅದೇ 1000 ಓಮ್ ಅಡ್ಡ ನಿಂತರೆ ಸಿಗುವುದು ಆಂಪಿಯರ್‌ನ ನೂರರಲ್ಲಿ ಒಂದು ಪಾಲು. ಬಲ್ಬಿಗೆ ಬಿಸಿ ಕೂಡ ತಾಗುವುದಿಲ್ಲ. ಹಳೇ ಮೆಕ್ಯಾನಿಕ್‌ಗಳು ಮೀಟರ್ ಬಿಟ್ಟು ವೈರ್ ಕಟ್ಟಿದ ಬಲ್ಬ್ ಹಿಡಿದು ಹುಡುಕುತ್ತಿದ್ದರಲ್ಲ, ಅದು ಅಜ್ಞಾನ ಅಲ್ಲ. ಬಲ್ಬ್ ಕರೆಂಟನ್ನು ಎಳೆದು ನೋಡುತ್ತದೆ. ಮೀಟರ್ ಬರೀ ಮುಟ್ಟಿ ನೋಡುತ್ತದೆ.

ಮೀಟರ್‌ನಿಂದಲೂ ನಿಜ ಹೊರಡಿಸಬಹುದು. ಬಲ್ಬ್ ಅದರ ಜಾಗದಲ್ಲೇ ಇರಬೇಕು, ಬ್ರೇಕ್ ಒತ್ತಿರಬೇಕು. ಒತ್ತಲು ಯಾರೂ ಇಲ್ಲದಿದ್ದರೆ ಪೆಡಲ್‌ಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸಿ. ಈಗ ಒಂದು ಕಡ್ಡಿ ಲ್ಯಾಂಪಿನ ಅರ್ಥ್ ವೈರಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ. ಎರಡೂ ಒಂದೇ ದಾರಿಯ ಎರಡು ತುದಿ. ನಡುವೆ ಏನೂ ಇರಬಾರದು. 0.1, ಹೆಚ್ಚೆಂದರೆ 0.2 ವೋಲ್ಟ್ ಪರವಾಗಿಲ್ಲ. ನನ್ನ ಕಾರಿನಲ್ಲಿ 7 ವೋಲ್ಟ್ ಚಿಲ್ಲರೆ ತೋರಿಸಿತು!

ಡಿಕ್ಕಿಯ ಕಾರ್ಪೆಟ್ ಎತ್ತಿದೆ. ಅರ್ಥ್ ಬೋಲ್ಟ್ ಸಿಕ್ಕಿತು. ನೋಡಲು ಬಿಗಿಯಾಗಿಯೇ ಇತ್ತು. ಬಿಚ್ಚಿದರೆ ವೈರಿನ ಉಂಗುರದ ಅಡಿಯಲ್ಲಿ ತಗಡು ಕಂದು ಪುಡಿಯಾಗಿತ್ತು, ಉಂಗುರದ ಕುತ್ತಿಗೆಯಲ್ಲಿ ಹಸಿರು ಕಿಲುಬು. ಲ್ಯಾಂಪಿನ ರಬ್ಬರ್ ವಾಷರ್ ಸೀಳಿ ಮಳೆ ನೀರು ಒಳಗೆ ಇಳಿಯುತ್ತಿತ್ತು. ಉಪ್ಪುಕಾಗದ ಹಾಕಿ ತಗಡು ಹೊಳೆಯುವವರೆಗೆ ಉಜ್ಜಿದೆ, ಉಂಗುರ ಬದಲಾಯಿಸಿದೆ, ಬಿಗಿದು ಮೇಲೆ ಗ್ರೀಸ್ ಹಚ್ಚಿದೆ. ಮೀಟರ್ 0.04ಕ್ಕೆ ಇಳಿಯಿತು.

ಅರ್ಥ್ ಪೂರ್ತಿ ಕಡಿಯಬೇಕು ಅಂತಿಲ್ಲ. ಸುರುಳಿ ಬಲ್ಬಿನ ಬೆಳಕು ವೋಲ್ಟೇಜ್ ಇಳಿದದ್ದಕ್ಕಿಂತ ಬಹಳ ಬೇಗ ಇಳಿಯುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತು ಕಡಿಮೆ. ಒಂದೇ ಒಂದು ಓಮ್ ತುಕ್ಕು ಸಾಕು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ಹೋಗುತ್ತದೆ. ಒಂದು ಕಡೆ ಬ್ರೇಕ್ ಲೈಟ್ ಇನ್ನೊಂದಕ್ಕಿಂತ ಕೆಂಪಾಗಿ, ಸೋತ ಹಾಗೆ ಕಂಡರೆ ಬಲ್ಬಿಗೆ ವಯಸ್ಸಾಗಿದೆ ಅನ್ನುವ ಮೊದಲು ಅರ್ಥ್ ನೋಡಿ.

ಎರಡೂ ಕಡೆ ಒಟ್ಟಿಗೆ ಹೋದರೆ ಲೆಕ್ಕ ಬೇರೆ. ಎರಡು ಅರ್ಥ್ ಒಂದೇ ದಿನ ಕೈ ಕೊಡುವುದು ಅಪರೂಪ. ಕವಲೊಡೆಯುವ ಮೊದಲಿನ ದಾರಿ ನೋಡಬೇಕು, ಅಂದರೆ ಫ್ಯೂಸ್ ಅಥವಾ ಪೆಡಲ್ ಸ್ವಿಚ್. ಹಿಂಗಾಜಿನ ಹತ್ತಿರ ಇರುವ ಮೂರನೇ ಬ್ರೇಕ್ ಲೈಟ್ ಇಲ್ಲಿ ಒಳ್ಳೆಯ ಸಾಕ್ಷಿ. ಅದು ಉರಿಯುತ್ತಿದ್ದರೆ ಫ್ಯೂಸೂ ಸ್ವಿಚ್ಚೂ ಸಾಮಾನ್ಯವಾಗಿ ನಿರಪರಾಧಿಗಳು. ಅದೊಂದೇ ಸತ್ತಿದ್ದರೆ ಡಿಕ್ಕಿಯ ಬಾಗಿಲಿನ ಕೀಲಿನ ಹತ್ತಿರ ಇರುವ ರಬ್ಬರ್ ತೋಳನ್ನು ಹಿಂದಕ್ಕೆ ಸರಿಸಿ ನೋಡಿ. ಬಾಗಿಲು ತೆರೆದು ಮುಚ್ಚಿ, ಸಾವಿರ ಸಲ ಬಾಗಿದ ತಾಮ್ರ ಹೊರಗೆ ಪ್ಲಾಸ್ಟಿಕ್ ನೆಟ್ಟಗಿರುವಾಗಲೇ ಒಳಗೆ ಮುರಿದಿರುತ್ತದೆ.

ಈ ಮೂರನೇ ಲೈಟಿನ ಹುಟ್ಟೇ ಒಂದು ಪ್ರಯೋಗ. 1974ರಲ್ಲಿ ಜಾನ್ ವೋವೋಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಹೆಚ್ಚುವರಿ ಬ್ರೇಕ್ ಲೈಟ್ ಹಾಕಿಸಿ ನೋಡಿದ. ಹಿಂದಿನಿಂದ ಬಂದು ಗುದ್ದುವುದು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ಅಮೆರಿಕದಲ್ಲಿ 1986ರ ಮಾಡೆಲ್‌ನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯವಾಯಿತು.

ಪೆಡಲ್ ಸ್ವಿಚ್ ಇನ್ನೊಂದು ಆಟ ಆಡುತ್ತದೆ. ಪೆಡಲ್ ಮೇಲಿರುವಾಗ ಅದು ಸ್ವಿಚ್ಚಿನ ಕಡ್ಡಿಯನ್ನು ಒತ್ತಿ ಹಿಡಿದಿರುತ್ತದೆ, ಆಗ ಲೈಟ್ ಆರಿರುತ್ತದೆ. ಕಾಲಿಟ್ಟಾಗ ಕಡ್ಡಿ ಹೊರಗೆ ಬರುತ್ತದೆ, ಲೈಟ್ ಹತ್ತುತ್ತದೆ. ಕೆಲವು ಕಾರುಗಳಲ್ಲಿ ಕಡ್ಡಿ ತಾಗುವ ಜಾಗದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಅಥವಾ ರಬ್ಬರ್ ಬಿರಡೆ ಇರುತ್ತದೆ. ವರ್ಷಗಳು ಕಳೆದು ಅದು ಪುಡಿಯಾದರೆ ಕಡ್ಡಿ ತೂತಿನೊಳಗೆ ತೂರಿಬಿಡುತ್ತದೆ. ಪೆಡಲ್ ಮೇಲೆ ಬಂದರೂ ಲೈಟ್ ಆರುವುದಿಲ್ಲ. ಕಾಲಡಿಯ ಮ್ಯಾಟ್ ಮೇಲೆ ಗೊತ್ತಿಲ್ಲದ ಪ್ಲಾಸ್ಟಿಕ್ ಚೂರು ಬಿದ್ದಿದ್ದರೆ ಗುಡಿಸಿ ಎಸೆಯಬೇಡಿ, ತಲೆ ಎತ್ತಿ ಪೆಡಲ್ ನೋಡಿ. ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಲೈಟಿಗೆ ಕೀಲಿಯ ಹಂಗಿಲ್ಲ. 21 ವ್ಯಾಟಿನ ಮೂರು ಬಲ್ಬು ಉರಿಯುತ್ತಿದ್ದರೆ ಐದು ಆಂಪಿಯರ್ ಮೇಲೆ ಎಳೆಯುತ್ತವೆ. 45 ಆಂಪಿಯರ್ ಗಂಟೆಯ ಬ್ಯಾಟರಿ ಬೆಳಗಾಗುವುದರೊಳಗೆ ಖಾಲಿ.

ಬ್ರೇಕ್ ಒತ್ತಿದಾಗೆಲ್ಲ ಫ್ಯೂಸ್ ಹಾರಿದರೆ ಎಲ್ಲೋ ವೈರು ಬಾಡಿಗೆ ತಾಗುತ್ತಿದೆ. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ತೆಗೆದು ನೀಲಿಯ 15 ಹಾಕುವುದು ಪರಿಹಾರ ಅಲ್ಲ, ಫ್ಯೂಸಿನ ಬದಲು ವೈರು ಸುಡುತ್ತದೆ ಅಷ್ಟೇ. ಬ್ರೇಕ್ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟು ಫ್ಯೂಸಿನ ಜಾಗಕ್ಕೆ ಒಂದು ಬಲ್ಬ್ ಸಿಕ್ಕಿಸಿ. ಬ್ರೇಕ್ ಒತ್ತಿ ಹಿಡಿದಾಗ ಅದು ಝಗ್ಗನೆ ಉರಿದರೆ ಶಾರ್ಟ್ ಇದೆ ಅಂತ. ಈಗ ವೈರಿನ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸುತ್ತಾ ಹೋಗಿ. ಬಲ್ಬ್ ಎಲ್ಲಿ ಥಟ್ಟನೆ ಆರುತ್ತದೋ ತೊಂದರೆ ನಿಮ್ಮ ಕೈಯಲ್ಲೇ ಇದೆ.

ಹೊಸ ಕಾರುಗಳಲ್ಲಿ ಪೆಡಲ್ ಸ್ವಿಚ್ ಲೈಟಿಗೆ ನೇರವಾಗಿ ಕರೆಂಟು ಕೊಡುವುದಿಲ್ಲ. ಒಂದು ಪುಟ್ಟ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ, ಅದು ಲೈಟ್ ಹಚ್ಚುತ್ತದೆ. ಸ್ವಿಚ್ ಕೆಟ್ಟರೆ ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಕೆಲಸ ಮಾಡದೇ ಇರಬಹುದು, ಆಟೊಮ್ಯಾಟಿಕ್ ಗೇರ್ ಪಾರ್ಕ್ ಬಿಟ್ಟು ಕದಲದೇ ಇರಬಹುದು. ಗೇರ್ ಬಾಕ್ಸ್ ಹೋಯಿತು ಅಂತ ಗಾಬರಿ ಬೀಳುವ ಮೊದಲು ಯಾರಿಗಾದರೂ ಹಿಂದೆ ನಿಂತು ನೋಡಲು ಹೇಳಿ. ಲೈಟ್ ಕೂಡ ಹತ್ತದಿದ್ದರೆ ಪೆಡಲ್ ಸ್ವಿಚ್ಚಿನ ಮೇಲೇ ಅನುಮಾನ. ಆ ಕಂಪ್ಯೂಟರ್ ಬಲ್ಬ್ ಇದೆಯೋ ಇಲ್ಲವೋ ಅಂತ ಆಗಾಗ ಚಿಕ್ಕ ಚಿಕ್ಕ ಕರೆಂಟು ಬಿಟ್ಟು ಪರೀಕ್ಷೆ ಮಾಡುವುದೂ ಉಂಟು. ಸುರುಳಿ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ಅದೇ ಹೋಲ್ಡರ್‌ಗೆ ಎಲ್‌ಇಡಿ ಬಲ್ಬ್ ತಂದು ಹಾಕಿದರೆ ಅಷ್ಟಕ್ಕೇ ಕಣ್ಣು ಮಿಟುಕಿಸುತ್ತದೆ.

ಎಲ್‌ಇಡಿಯ ಗುಣ ಅದರ ಚುರುಕಿನಲ್ಲಿದೆ. ಸುರುಳಿ ಬಿಸಿಯಾಗಿ ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು, ಎಲ್‌ಇಡಿಗೆ ಅದು ಬೇಕಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುವವರಿಗೆ ಅಷ್ಟು ಹೊತ್ತೆಂದರೆ ಐದೂವರೆ ಮೀಟರ್. ಕಂಪ್ಯೂಟರ್ ಇದ್ದರೂ ಎಲ್‌ಇಡಿ ಇದ್ದರೂ, ಅಂಥ ಕಾರಿನಲ್ಲೂ ಲ್ಯಾಂಪಿನ ಅರ್ಥ್ ವೈರ್ ಕೊನೆಗೆ ಒಂದು ಬೋಲ್ಟಿನ ಅಡಿಯಲ್ಲೇ, ತಗಡಿಗೆ ಒತ್ತಿಕೊಂಡು ಕೂತಿರುತ್ತದೆ.