ಸೋತ ಸೀಸನ್ ಯಾರ ಖಾತೆಗೆ?

2012ರ ಡಿಸೆಂಬರ್ 31, ಸೋಮವಾರ. ಅಮೆರಿಕದ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆ ಒಂದೇ ದಿನ ಏಳು ಹೆಡ್ ಕೋಚ್‌ಗಳು ಕೆಲಸ ಕಳೆದುಕೊಂಡರು. ಅವರಲ್ಲಿ ಇಬ್ಬರನ್ನು ನೋಡಿ. ಕ್ಯಾನ್ಸಸ್ ಸಿಟಿ ಚೀಫ್ಸ್‌ನ ರೋಮಿಯೊ ಕ್ರೆನಲ್ 16 ಪಂದ್ಯಗಳಲ್ಲಿ 2 ಗೆದ್ದಿದ್ದರು. ಫಿಲಡೆಲ್ಫಿಯಾ ಈಗಲ್ಸ್‌ನ ಆಂಡಿ ರೀಡ್ 4 ಗೆದ್ದಿದ್ದರು. ಇಬ್ಬರದೂ ಕೆಟ್ಟ ಸೀಸನ್ನೇ. ಆದರೆ ವಾರ ಮುಗಿಯುವುದರೊಳಗೆ ರೀಡ್‌ಗೆ ಹೊಸ ಕೆಲಸ ಸಿಕ್ಕಿತು. ಅದೂ ಎಲ್ಲಿ? ಕ್ರೆನಲ್ ಬಿಟ್ಟು ಎದ್ದಿದ್ದ ಅದೇ ಕುರ್ಚಿಯಲ್ಲಿ. ರೀಡ್ ಮುಂದೆ ಅಲ್ಲೇ ಮೂರು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದರು. ಕ್ರೆನಲ್‌ಗೆ ಕಾಯಂ ಹೆಡ್ ಕೋಚ್ ಕೆಲಸ ಮತ್ತೆ ಸಿಗಲೇ ಇಲ್ಲ. 2020ರಲ್ಲಿ, 73ನೇ ವಯಸ್ಸಿನಲ್ಲಿ, ಹ್ಯೂಸ್ಟನ್ ತಂಡ ಸೀಸನ್ನಿನ ಉಳಿದ 12 ಪಂದ್ಯಕ್ಕೆ ಹಂಗಾಮಿಯಾಗಿ ಕೂರಿಸಿತು, ಅಷ್ಟೇ.

ಎರಡು ಗೆಲುವಿನ ವ್ಯತ್ಯಾಸಕ್ಕೆ ಇಷ್ಟು ದೂರವೇ? ಅಲ್ಲ. ರೀಡ್ ಫಿಲಡೆಲ್ಫಿಯಾದಲ್ಲಿ 14 ವರ್ಷ ಇದ್ದವರು, 9 ಸಲ ತಂಡವನ್ನು ಪ್ಲೇಆಫ್‌ಗೆ ಒಯ್ದವರು. ಅವರ 12 ಸೋಲನ್ನು ಜನ ಒಂದು ಕೆಟ್ಟ ವರ್ಷ ಅಂತ ಓದಿದರು. ಕ್ರೆನಲ್‌ಗೆ ಇದಕ್ಕೂ ಮುಂಚೆ ಕ್ಲೀವ್‌ಲ್ಯಾಂಡ್‌ನಲ್ಲಿ 24 ಗೆಲುವು, 40 ಸೋಲು ಆಗಿತ್ತು. ಅವರ 14 ಸೋಲನ್ನು ಆ ಮನುಷ್ಯನ ಲೆಕ್ಕಕ್ಕೇ ಬರೆದರು. ಕೋಚ್ ಎಷ್ಟು ಸೋತ ಅನ್ನುವುದಕ್ಕಿಂತ ಆ ಸೋಲನ್ನು ಯಾರ ಖಾತೆಗೆ ಬರೆಯುತ್ತಾರೆ ಅನ್ನುವುದೇ ಅವನ ಮುಂದಿನ ಕೆಲಸವನ್ನು ನಿರ್ಧರಿಸುತ್ತದೆ. ಅರವತ್ತು ವರ್ಷದ ದಾಖಲೆ ಹರಡಿಕೊಂಡು ಕೂತರೆ ನನಗೆ ಕಾಣುವುದು ಇದೇ.

ನಮ್ಮಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಆಟ. ಇದು ಬೇರೆ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ, ಹಾಗಾಗಿ ಹೆಡ್ ಕೋಚ್ ಕುರ್ಚಿಗಳೂ 32 ಮಾತ್ರ. ಸೀಸನ್‌ಗೆ ಈಗ 17 ಪಂದ್ಯ, 1978ರಿಂದ 2020ರವರೆಗೆ 16 ಇತ್ತು, ಅದಕ್ಕೂ ಮುಂಚೆ ಇನ್ನೂ ಕಮ್ಮಿ. ಸಾಮಾನ್ಯವಾಗಿ ವಾರಕ್ಕೆ ಒಂದೇ ಆಟ. ಭಾನುವಾರ ಸೋತರೆ ಊರು ಏಳು ದಿನ ಅದನ್ನೇ ಮಾತಾಡುತ್ತದೆ. ಕೊನೆಯ ಪಂದ್ಯದ ಮರುದಿನ ಕೋಚ್‌ಗಳನ್ನು ತೆಗೆಯುವ ರೂಢಿ ಎಷ್ಟು ಬೇರೂರಿದೆ ಅಂದರೆ ಆ ದಿನಕ್ಕೆ ಬ್ಲ್ಯಾಕ್ ಮಂಡೆ ಅಂತಲೇ ಹೆಸರು.

ಇನ್ನೊಂದು ವಿಷಯ ಇಲ್ಲಿ ಮುಖ್ಯ. ಯುರೋಪಿನ ಲೀಗ್‌ಗಳಲ್ಲಿ ಕೊನೆಗೆ ಉಳಿದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಇಲ್ಲಿ ಹಾಗಿಲ್ಲ. ಎಲ್ಲರಿಗಿಂತ ಜಾಸ್ತಿ ಸೋತ ತಂಡಕ್ಕೆ ಮುಂದಿನ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಗುತ್ತದೆ. ಕಾಲೇಜಿನಿಂದ ಬರುವ ಹುಡುಗರಲ್ಲಿ ತನಗೆ ಬೇಕಾದವನನ್ನು ಮೊದಲು ಎತ್ತಿಕೊಳ್ಳಬಹುದು. ಅಂದರೆ ಸೋಲಿಗೂ ಒಂದು ಫಲ ಇದೆ. ಸೋತ ಕೋಚ್ ಅದನ್ನು ಉಣ್ಣುವವರೆಗೆ ಕೆಲಸದಲ್ಲಿ ಇರುತ್ತಾನಾ ಅನ್ನುವುದೇ ಪ್ರಶ್ನೆ.

ಹಳೆಯ ಕಾಲದಲ್ಲಿ ಇರುತ್ತಿದ್ದ. 1960ರಲ್ಲಿ ಡಲ್ಲಾಸ್ ಕೌಬಾಯ್ಸ್ ಹೊಸ ತಂಡ. ಕೋಚ್ ಟಾಮ್ ಲ್ಯಾಂಡ್ರಿ. ಮೊದಲ ವರ್ಷ 11 ಸೋಲು, ಒಂದು ಟೈ, ಗೆಲುವು ಸೊನ್ನೆ. ನಾಲ್ಕನೇ ವರ್ಷವೂ 14ರಲ್ಲಿ 10 ಸೋತರು. ಊರಲ್ಲಿ ಗೊಣಗಾಟ ಶುರುವಾಯಿತು. ಮಾಲೀಕ ಕ್ಲಿಂಟ್ ಮರ್ಚಿಸನ್ ಆಗ ಏನು ಮಾಡಿದರು ಗೊತ್ತಾ? 1964ರಲ್ಲಿ ಲ್ಯಾಂಡ್ರಿಗೆ 10 ವರ್ಷದ ಹೊಸ ಒಪ್ಪಂದ ಬರೆದುಕೊಟ್ಟರು. 1966ರಿಂದ 1985ರವರೆಗೆ ಆ ತಂಡ ಸತತ 20 ಸೀಸನ್ ಸೋಲಿಗಿಂತ ಹೆಚ್ಚು ಗೆಲುವು ಕಂಡಿತು.

ಪಿಟ್ಸ್‌ಬರ್ಗ್‌ನ ಚಕ್ ನೋಲ್ 1969ರಲ್ಲಿ ಮೊದಲ ಪಂದ್ಯ ಗೆದ್ದು ಉಳಿದ 13 ಸೋತರು. ಷಿಕಾಗೊ ಬೇರ್ಸ್ ಕೂಡ ಆ ವರ್ಷ 1 ಗೆಲುವು, 13 ಸೋಲು. ಮೊದಲ ಆಯ್ಕೆ ಯಾರಿಗೆ ಅಂತ ನಾಣ್ಯ ಚಿಮ್ಮಿದರು. ಪಿಟ್ಸ್‌ಬರ್ಗ್ ಗೆದ್ದಿತು, ಟೆರಿ ಬ್ರಾಡ್‌ಷಾ ಅನ್ನುವ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನು, ಬಂದ. ನೋಲ್ ಒಟ್ಟು 23 ಸೀಸನ್ ಇದ್ದರು, ನಾಲ್ಕು ಸೂಪರ್ ಬೌಲ್ ಗೆದ್ದರು. ಅಷ್ಟೇ ಸೋತಿದ್ದ ಷಿಕಾಗೊದ ಜಿಮ್ ಡೂಲಿ ಇನ್ನೆರಡು ವರ್ಷಕ್ಕೆ ಮನೆಗೆ ಹೋದರು. ಒಂದು ನಾಣ್ಯ ಯಾವ ಮಗ್ಗುಲಿಗೆ ಬಿದ್ದಿತು ಅನ್ನುವುದೂ ಕೋಚ್ ಒಬ್ಬನ ಬದುಕಿನಲ್ಲಿ ಲೆಕ್ಕಕ್ಕೆ ಬರುತ್ತದೆ.

ನನ್ನ ಮನಸ್ಸಿನಿಂದ ಹೋಗದ ಪಂದ್ಯ 1977ರ ಡಿಸೆಂಬರ್ 11ರದು, ನ್ಯೂ ಆರ್ಲೀನ್ಸ್‌ನಲ್ಲಿ ನಡೆದದ್ದು. ಟ್ಯಾಂಪಾ ಬೇ ಬಕನೀರ್ಸ್ ಅದರ ಹಿಂದಿನ ವರ್ಷ ಹುಟ್ಟಿದ ತಂಡ. ಮೊದಲ ಸೀಸನ್ 14ಕ್ಕೆ 14 ಸೋಲು. ಎರಡನೇ ಸೀಸನ್‌ನಲ್ಲೂ ಅಲ್ಲಿಯವರೆಗೆ 12 ಸೋಲು. ಒಟ್ಟು 26, ಒಂದೂ ಗೆಲುವಿಲ್ಲ. ಕೋಚ್ ಜಾನ್ ಮೆಕೇ ಕಾಲೇಜು ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರು ಮಾಡಿ ಬಂದಿದ್ದವರು. ಎದುರು ನಿಂತಿದ್ದ ಕೋಚ್ ಹ್ಯಾಂಕ್ ಸ್ಟ್ರಾಮ್. ಇವರು 1970ರ ಜನವರಿಯಲ್ಲಿ ಇದೇ ಊರಿನಲ್ಲಿ ಚೀಫ್ಸ್ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟಿದ್ದವರು. ಅವತ್ತು ಟ್ಯಾಂಪಾದ ಹುಡುಗರು ಎದುರಾಳಿಯ ಎಸೆತಗಳನ್ನು ನಡುವೆಯೇ ಹಿಡಿದು, ಓಡಿ, ಮೂರು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಿದರು. 33-14. ಟ್ಯಾಂಪಾದ ಮೊದಲ ಗೆಲುವು. ಸೀಸನ್ ಮುಗಿದ ಮೇಲೆ ಕೆಲಸ ಹೋದದ್ದು ಯಾರದು? 26 ಪಂದ್ಯ ಸೋತ ಮೆಕೇ ಅವರದಲ್ಲ, ಅವರಿಗೆ ಸೋತ ಸ್ಟ್ರಾಮ್ ಅವರದು. ಸ್ಟ್ರಾಮ್ ಮತ್ತೆಂದೂ ಕೋಚ್ ಆಗಲಿಲ್ಲ. ಮೆಕೇ 1979ರಲ್ಲಿ ತಂಡವನ್ನು ಸೂಪರ್ ಬೌಲ್‌ನ ಹಿಂದಿನ ಮೆಟ್ಟಿಲಿನವರೆಗೆ ಒಯ್ದರು, 1984ರವರೆಗೆ ಅಲ್ಲೇ ಇದ್ದರು.

ಮೆಕೇಗೆ ಹೊಸ ತಂಡ ಅನ್ನುವ ರಿಯಾಯಿತಿ ಇತ್ತು. ಅದಿಲ್ಲದೆಯೂ ಉಳಿಯಬಹುದು, ಮಾಲೀಕನಿಗೆ ಬೇಕಾದವನಾಗಿದ್ದರೆ. ಇದಕ್ಕೆ ಮತ್ತೆ ಡಲ್ಲಾಸ್‌ಗೇ ಹೋಗಬೇಕು. 1988ರಲ್ಲಿ ಲ್ಯಾಂಡ್ರಿ 3 ಗೆದ್ದು 13 ಸೋತರು. 1989ರ ಫೆಬ್ರವರಿಯಲ್ಲಿ ಜೆರಿ ಜೋನ್ಸ್ ತಂಡ ಕೊಂಡುಕೊಂಡರು, ಮೊದಲು ಮಾಡಿದ ಕೆಲಸವೇ 29 ವರ್ಷ ದುಡಿದ ಲ್ಯಾಂಡ್ರಿಯನ್ನು ತೆಗೆದದ್ದು. ತಮ್ಮ ಹಳೆಯ ಗೆಳೆಯ ಜಿಮ್ಮಿ ಜಾನ್ಸನ್ ಅವರನ್ನು ತಂದರು. ಜಾನ್ಸನ್ ಆ ವರ್ಷ ಗೆದ್ದದ್ದು ಒಂದೇ ಪಂದ್ಯ! ಲ್ಯಾಂಡ್ರಿಗಿಂತಲೂ ಕೆಟ್ಟ ಲೆಕ್ಕ. ಆದರೂ ಯಾರೂ ಅವರ ಕುರ್ಚಿ ಮುಟ್ಟಲಿಲ್ಲ. ತಂಡದ ದೊಡ್ಡ ಆಟಗಾರ ಹರ್ಷಲ್ ವಾಕರ್‌ನನ್ನು ಸೀಸನ್ ನಡುವೆಯೇ ಮಿನೆಸೋಟಕ್ಕೆ ಕೊಟ್ಟು ಡ್ರಾಫ್ಟ್ ಆಯ್ಕೆಗಳ ರಾಶಿಯನ್ನೇ ತಂದಿದ್ದರು. 1992, 1993ರ ಸೀಸನ್‌ಗಳಲ್ಲಿ ಸೂಪರ್ ಬೌಲ್ ಬಂತು. ಲ್ಯಾಂಡ್ರಿಯ 3 ಗೆಲುವು ಹಳೆಯ ಕಾಲದ ಖಾತೆಗೆ ಹೋಯಿತು, ಜಾನ್ಸನ್‌ರ 1 ಗೆಲುವು ಹೊಸ ಮನೆಯ ತಳಪಾಯಕ್ಕೆ.

ಆಮೇಲೆ ತಾಳ್ಮೆ ಕಮ್ಮಿಯಾಗುತ್ತ ಬಂತು. 1993ರಿಂದ ಆಟಗಾರರು ಒಪ್ಪಂದ ಮುಗಿದ ಮೇಲೆ ಬೇಕಾದ ತಂಡ ಸೇರುವ ಹಕ್ಕು ಪಡೆದರು. 1994ರಲ್ಲಿ ತಂಡಗಳ ಸಂಬಳದ ಮೊತ್ತಕ್ಕೆ ಮಿತಿ ಬಂತು. ದೊಡ್ಡ ತಂಡ ಎಲ್ಲರನ್ನೂ ಗುಡ್ಡೆ ಹಾಕಿಕೊಳ್ಳುವ ಹಾಗಿಲ್ಲ, ಬಡ ತಂಡ ಒಂದೇ ವರ್ಷದಲ್ಲಿ ಏಳಬಹುದು. 1998ರಲ್ಲಿ 4 ಗೆಲುವು, 12 ಸೋಲು ಕಂಡಿದ್ದ ಸೇಂಟ್ ಲೂಯಿಸ್ ರ‍್ಯಾಮ್ಸ್ ಮರು ಸೀಸನ್‌ನಲ್ಲೇ ಸೂಪರ್ ಬೌಲ್ ಗೆದ್ದಿತು. ಅವರಿಗೆ ಆಗಿದ್ದು ನಮಗ್ಯಾಕೆ ಆಗಲ್ಲ ಅಂತ ಪ್ರತಿ ಮಾಲೀಕರೂ ಕೇಳತೊಡಗಿದರು.

2008ರ ಡೆಟ್ರಾಯಿಟ್ ಲಯನ್ಸ್ ಈ ಹೊಸ ಕಾಲದ ತಂಡ. 16ಕ್ಕೆ 16 ಸೋಲು. 16 ಪಂದ್ಯದ ಸೀಸನ್ ಬಂದ ಮೇಲೆ ಹಾಗೆ ಸೋತ ಮೊದಲ ತಂಡ. ಆಟಗಾರರನ್ನು ಆರಿಸಿ ತಂಡ ಕಟ್ಟುವ ಜನರಲ್ ಮ್ಯಾನೇಜರ್ ಮ್ಯಾಟ್ ಮಿಲನ್ ಸೆಪ್ಟೆಂಬರ್‌ನಲ್ಲೇ ಹೋಗಿದ್ದರು. ಕೋಚ್ ರಾಡ್ ಮರಿನೆಲಿ ಕೊನೆಯ ಪಂದ್ಯದ ಮರುದಿನ ಹೋದರು. ಮೂರು ಸೀಸನ್ ಸೇರಿ 10 ಗೆಲುವು, 38 ಸೋಲು. ಆದರೆ ಅವರು ಮನೆಯಲ್ಲಿ ಕೂರಲಿಲ್ಲ. ಷಿಕಾಗೊದ ಕೋಚ್ ಲವಿ ಸ್ಮಿತ್ ಅವರ ಹಳೆಯ ಸಹೋದ್ಯೋಗಿ, ಕೂಡಲೇ ಕರೆದುಕೊಂಡರು. ಎರಡನೇ ವರ್ಷ ಡಿಫೆನ್ಸ್ ಕೋಆರ್ಡಿನೇಟರ್, ಅಂದರೆ ರಕ್ಷಣೆಯ ವಿಭಾಗ ನೋಡಿಕೊಳ್ಳುವ ಕೋಚ್, ಆದರು, ಆಮೇಲೆ ಡಲ್ಲಾಸ್‌ನಲ್ಲಿ ಅದೇ ಕೆಲಸ. ಹೆಡ್ ಕೋಚ್ ಮಾತ್ರ ಮತ್ತೆ ಆಗಲಿಲ್ಲ.

ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮಾತ್ರ ತದ್ವಿರುದ್ಧ ಮಾಡಿತು. ಹ್ಯೂ ಜಾಕ್ಸನ್ 2016ರಲ್ಲಿ 1 ಗೆದ್ದರು, 15 ಸೋತರು. ಇನ್ನೊಮ್ಮೆ ಹೀಗಾದರೆ ಕೆರೆಗೆ ಹಾರುತ್ತೇನೆ ಅಂದರು. 2017ರಲ್ಲಿ 16ಕ್ಕೆ 16 ಸೋತರು. 2018ರ ಜನವರಿಯ ಕೊರೆಯುವ ಚಳಿಯಲ್ಲಿ ಸಾವಿರಾರು ಅಭಿಮಾನಿಗಳು ಕ್ರೀಡಾಂಗಣದ ಸುತ್ತ ಮೆರವಣಿಗೆ ಹೊರಟು ದೊಡ್ಡ ಸೊನ್ನೆ ಸುತ್ತಿದರು. ಜಾಕ್ಸನ್ ಮಾತಿಗೆ ತಪ್ಪಲಿಲ್ಲ. ಜೂನ್‌ನಲ್ಲಿ ಈರೀ ಸರೋವರಕ್ಕೆ ಇಳಿದು ಮುಳುಗೆದ್ದರು. ಆಟಗಾರರಿಲ್ಲದ ತಂಡ ಕೊಟ್ಟಿದ್ದೇವೆ ಅಂತ ಮಾಲೀಕರಿಗೂ ಗೊತ್ತಿತ್ತು, ಹಾಗಾಗಿ ಅವರನ್ನು ಇಟ್ಟುಕೊಂಡಿದ್ದರು. ಮುಂದಿನ ಸೀಸನ್ನಿಗೆ ಊರಿನ ಬಾರ್‌ಗಳಲ್ಲಿ ಬೀರಿನ ಫ್ರಿಜ್‌ಗಳಿಗೆ ಬೀಗ ಹಾಕಿಟ್ಟಿದ್ದರು, ತಂಡ ಗೆದ್ದ ಗಳಿಗೆಯಲ್ಲೇ ತೆರೆದುಕೊಳ್ಳುವ ಹಾಗೆ. ಸೆಪ್ಟೆಂಬರ್ 20ರ ರಾತ್ರಿ ಅವು ತೆರೆದುಕೊಂಡವು, 635 ದಿನಗಳ ಮೇಲೆ. ಗೆಲ್ಲಿಸಿದ್ದು ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಬಂದಿದ್ದ ಬೇಕರ್ ಮೇಫೀಲ್ಡ್. ಇಷ್ಟಾದರೂ ಅಕ್ಟೋಬರ್ ಕೊನೆಗೆ ಜಾಕ್ಸನ್ ಅವರನ್ನು ತೆಗೆದರು. ಒಟ್ಟು 3 ಗೆಲುವು, 36 ಸೋಲು, 1 ಟೈ. ಆಮೇಲೆ ಅವರಿಗೆ ಹೆಡ್ ಕೋಚ್ ಕೆಲಸ ಸಿಕ್ಕಿದ್ದು ಗ್ರ್ಯಾಂಬ್ಲಿಂಗ್ ಸ್ಟೇಟ್ ಅನ್ನುವ ಕಾಲೇಜಿನಲ್ಲಿ.

ಹಾಗಾದರೆ ಮತ್ತೆ ಮೇಲೆ ಬರುವ ದಾರಿ ಇಲ್ಲವೇ? ಇದೆ, ಕಡಿದಾಗಿದೆ. ಜಿಮ್ ಕಾಲ್ಡ್‌ವೆಲ್ 2011ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 2 ಗೆದ್ದು 14 ಸೋತರು. ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದ ಇಡೀ ಸೀಸನ್ ಆಡಲಿಲ್ಲ. ಆದರೂ ಕೆಲಸ ಹೋಯಿತು. ಬಾಲ್ಟಿಮೋರ್‌ಗೆ ಹೋಗಿ ಕ್ವಾರ್ಟರ್‌ಬ್ಯಾಕ್‌ಗಳ ಕೋಚ್ ಆದರು, ಎರಡು ಮೆಟ್ಟಿಲು ಕೆಳಗಿನ ಹುದ್ದೆ. ಅಲ್ಲಿನ ಆಫೆನ್ಸ್ ಕೋಆರ್ಡಿನೇಟರ್ ಕ್ಯಾಮ್ ಕ್ಯಾಮರಾನ್. ಅವರೂ 2007ರಲ್ಲಿ ಮಯಾಮಿಯಲ್ಲಿ 15 ಸೋತು ಬಂದವರೇ. 2012ರ ಡಿಸೆಂಬರ್‌ನಲ್ಲಿ ಕ್ಯಾಮರಾನ್ ಅವರನ್ನು ತೆಗೆದು ಕಾಲ್ಡ್‌ವೆಲ್ ಕೈಗೆ ಕೆಲಸ ಕೊಟ್ಟರು. ಎರಡೇ ತಿಂಗಳಲ್ಲಿ ಬಾಲ್ಟಿಮೋರ್ ಸೂಪರ್ ಬೌಲ್ ಗೆದ್ದಿತು. 2014ರಲ್ಲಿ ಕಾಲ್ಡ್‌ವೆಲ್ ಡೆಟ್ರಾಯಿಟ್‌ನ ಹೆಡ್ ಕೋಚ್. ನಾಲ್ಕು ವರ್ಷದಲ್ಲಿ 36 ಗೆದ್ದು 28 ಸೋತರು. ಅಲ್ಲೂ ಸಾಲದು ಅಂತ ತೆಗೆದರು. ಅವರ ಜಾಗಕ್ಕೆ ಬಂದ ಮ್ಯಾಟ್ ಪಟ್ರಿಷಿಯಾ ಗೆದ್ದದ್ದು 13, ಸೋತದ್ದು 29. ಇದನ್ನು ಓದಿದಾಗ ಬೇಜಾರಾಗುತ್ತದೆ, ಅಲ್ವಾ?

ಕಾಲ್ಡ್‌ವೆಲ್ ಕಪ್ಪು ವರ್ಣೀಯರು. ಈ ಮಾತು ಬಿಟ್ಟು ಈ ಚರಿತ್ರೆ ಬರೆಯುವುದು ಸರಿಯಲ್ಲ. ಲೀಗ್‌ನ ಆಟಗಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ವರ್ಣೀಯರು, ಹೆಡ್ ಕೋಚ್‌ಗಳಲ್ಲಿ ಬೆರಳೆಣಿಕೆಯಷ್ಟು. 2003ರಲ್ಲಿ ರೂನಿ ನಿಯಮ ಬಂತು. ಕುರ್ಚಿ ಖಾಲಿಯಾದಾಗ ಅಲ್ಪಸಂಖ್ಯಾತ ಸಮುದಾಯದ ಒಬ್ಬರನ್ನಾದರೂ ಸಂದರ್ಶನಕ್ಕೆ ಕರೆಯಲೇಬೇಕಿತ್ತು, ಆಮೇಲೆ ಅದು ಇಬ್ಬರಾಯಿತು. ಆದರೆ ಕುರ್ಚಿಯಲ್ಲಿ ಎಷ್ಟು ದಿನ ಬಿಡಬೇಕು ಅನ್ನುವುದಕ್ಕೆ ನಿಯಮ ಇಲ್ಲ. 2018ರಲ್ಲಿ ಅರಿಜೋನಾದ ಸ್ಟೀವ್ ವಿಲ್ಕ್ಸ್ 3 ಗೆದ್ದು 13 ಸೋತರು. ಒಂದೇ ವರ್ಷಕ್ಕೆ ಹೊರಗೆ. ತಂಡ ಕಟ್ಟಿದ್ದ ಜನರಲ್ ಮ್ಯಾನೇಜರ್ ಒಳಗೇ ಉಳಿದರು. ಬದಲಿಗೆ ಬಂದ ಬಿಳಿಯ ಕೋಚ್ ಕ್ಲಿಫ್ ಕಿಂಗ್ಸ್‌ಬರಿಯನ್ನು ಆಗಷ್ಟೇ ಟೆಕ್ಸಸ್ ಟೆಕ್ ಕಾಲೇಜು 35 ಗೆಲುವು, 40 ಸೋಲಿನ ಮೇಲೆ ಮನೆಗೆ ಕಳಿಸಿತ್ತು. ಅವರಿಗೆ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಸಿಕ್ಕ. 2022ರಲ್ಲಿ, ಮಯಾಮಿ ತೆಗೆದಿದ್ದ ಕಪ್ಪು ವರ್ಣೀಯ ಕೋಚ್ ಬ್ರಯಾನ್ ಫ್ಲೋರೆಸ್ ಲೀಗ್ ಮೇಲೆ ತಾರತಮ್ಯದ ಕೇಸು ಹಾಕಿದಾಗ ವಿಲ್ಕ್ಸ್ ಕೂಡ ಸೇರಿಕೊಂಡರು. ಹ್ಯೂಸ್ಟನ್‌ನಲ್ಲಿ ಡೇವಿಡ್ ಕಲಿ, ಲವಿ ಸ್ಮಿತ್ ಇಬ್ಬರೂ ಒಂದೊಂದೇ ವರ್ಷಕ್ಕೆ ಹೋದರು. ಮೂರನೆಯವರಾಗಿ ಬಂದ ಡಿಮೆಕೊ ರಯನ್ಸ್ ಕೂಡ ಕಪ್ಪು ವರ್ಣೀಯರೇ. ಮೊದಲಿಬ್ಬರ ಸೋಲಿನ ಫಲವಾಗಿ ಬಂದ ಆಯ್ಕೆಗಳು ರಯನ್ಸ್ ಕೈ ಸೇರಿದವು, ಅವರು ಗೆದ್ದರು.

ಹೆಡ್ ಕೋಚ್‌ಗೆ ದುಡ್ಡಿನ ಕಷ್ಟ ಬರುವುದು ಅಪರೂಪ. ಕೆಲಸದಿಂದ ತೆಗೆದರೂ ಒಪ್ಪಂದದ ಉಳಿದ ಹಣ ಸಾಮಾನ್ಯವಾಗಿ ಬರುತ್ತದೆ. ಪೆಟ್ಟು ಬೀಳುವುದು ಅವರ ಕೆಳಗಿನ ಇಪ್ಪತ್ತು ಚಿಲ್ಲರೆ ಸಹಾಯಕರಿಗೆ. ಹೊಸ ಕೋಚ್ ತನ್ನವರನ್ನು ತರುತ್ತಾನೆ. ಹಳಬರು ಜನವರಿಯಲ್ಲಿ, ಮಕ್ಕಳ ಶಾಲೆಯ ನಡುವೆ, ಬೇರೆ ಊರು ಹುಡುಕಬೇಕು. ಅವರ ಹೆಸರು ಯಾವ ಸುದ್ದಿಯಲ್ಲೂ ಇರುವುದಿಲ್ಲ.

ಡೆಟ್ರಾಯಿಟ್ 2021ರಲ್ಲಿ ಡ್ಯಾನ್ ಕ್ಯಾಂಬೆಲ್ ಅವರನ್ನು ತಂದಿತು. ಮೊದಲ 11 ಪಂದ್ಯದಲ್ಲಿ 10 ಸೋಲು, ಒಂದು ಟೈ. ಎರಡನೇ ವರ್ಷವೂ ಮೊದಲ 7ರಲ್ಲಿ 6 ಸೋಲು. ಮಾಲಕಿ ಶೀಲಾ ಫೋರ್ಡ್ ಹ್ಯಾಂಪ್ ಅಭ್ಯಾಸದ ಮೈದಾನಕ್ಕೆ ಬಂದು, ಪತ್ರಕರ್ತರ ಮುಂದೆ ನಿಂತು, ನನಗೆ ಇವರ ಮೇಲೆ ನಂಬಿಕೆ ಇದೆ ಎಂಬರ್ಥದ ಮಾತು ಹೇಳಿದರು. ತಂಡ ಆ ವರ್ಷ 9 ಗೆದ್ದಿತು. 2024ರ ಜನವರಿ 14ರಂದು ಡೆಟ್ರಾಯಿಟ್ 32 ವರ್ಷಗಳಲ್ಲೇ ಮೊದಲ ಪ್ಲೇಆಫ್ ಪಂದ್ಯ ಗೆದ್ದಿತು, 24-23. ಎದುರಿಗಿದ್ದ ರ‍್ಯಾಮ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್. ಮರಿನೆಲಿ 16ಕ್ಕೆ 16 ಸೋತದ್ದರಿಂದ 2009ರಲ್ಲಿ ಡೆಟ್ರಾಯಿಟ್‌ಗೆ ಮೊದಲ ಆಯ್ಕೆಯಾಗಿ ಸಿಕ್ಕಿದ್ದ ಹುಡುಗ ಅವನೇ. 2021ರಲ್ಲಿ ಅವನನ್ನು ರ‍್ಯಾಮ್ಸ್‌ಗೆ ಕೊಟ್ಟು, ಬದಲಿಗೆ ಡ್ರಾಫ್ಟ್ ಆಯ್ಕೆಗಳ ಜೊತೆ ಜಾರೆಡ್ ಗಾಫ್‌ನನ್ನು ತಂದಿದ್ದರು. ಆ ರಾತ್ರಿ ಫೋರ್ಡ್ ಫೀಲ್ಡ್‌ನಲ್ಲಿ ಡೆಟ್ರಾಯಿಟ್‌ನ ಚೆಂಡು ಇದ್ದದ್ದು ಗಾಫ್ ಕೈಯಲ್ಲಿ. ಸ್ಟ್ಯಾಂಡ್ ತುಂಬ ಅವನ ಹೆಸರೇ ಕೂಗುತ್ತಿದ್ದರು.