ಹಿನ್ನೀರಿನಲ್ಲಿ ಒಂದಗುಳಿನ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು ಎನ್ನುವುದು ಅಡುಗೆಮನೆಯಲ್ಲಿ ನಿಜ. ಆ ಮಾತನ್ನು ಕನ್ನಂಬಾಡಿಯ ಹಿನ್ನೀರಿಗೆ ತಂದರೆ ಕೆಟ್ಟಿತು. ಒಂದು ಬೆಳಗ್ಗೆ ಮೀನಾಕ್ಷಿಪುರದ ಕಡೆ ತೆಪ್ಪದಲ್ಲಿ ಕುಳಿತಿದ್ದೆ. ಮೊದಲು ಎತ್ತಿದ ಬಲೆಯಲ್ಲಿ ಸಿಕ್ಕಿದ್ದು ಪಾಚಿ ಮತ್ತು ಒಂದು ಪ್ಲಾಸ್ಟಿಕ್ ಬಾಟಲಿ. ಕೂಗಳತೆಯಲ್ಲಿದ್ದ ಇನ್ನೊಂದು ಬಲೆ ಎತ್ತಿದರೆ, ಜಿಲೇಬಿ ಮೀನುಗಳು ತೆಪ್ಪದ ತಳವನ್ನು ಪಟಪಟ ಬಡಿಯತೊಡಗಿದವು. ಹುಟ್ಟು ಹಾಕುತ್ತಿದ್ದ ಹಿರಿಯರು ಮೊದಲ ಬಲೆಗೆ ಯಾರದೋ ದೃಷ್ಟಿ ತಗುಲಿದೆ, ನಿಂಬೆಹಣ್ಣು ಕಟ್ಟಬೇಕು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎರಡು ಬಲೆಗಳ ಸರಾಸರಿ ತೆಗೆದು, ಇಡೀ ಜಲಾಶಯದ ವಿಸ್ತೀರ್ಣದಿಂದ ಗುಣಿಸಿ, ಇಷ್ಟು ಟನ್ ಮೀನಿದೆ ಎಂದು ಬರೆದುಬಿಡುವ ಓದಿದವರ ಮೇಲೆ ಸಿಟ್ಟು ಬರುತ್ತದೆ. ಅದೂ ನಿಂಬೆಹಣ್ಣೇ, ಕ್ಯಾಲ್ಕ್ಯುಲೇಟರಿಗೆ ಕಟ್ಟಿದ್ದು.

ಕುದಿಯುವ ನೀರು ಅಗುಳುಗಳನ್ನು ಕಲಕಿ ಒಂದೇ ಸಮನಾಗಿಸುತ್ತದೆ. ಮೀನನ್ನು ಹಾಗೆ ಕಲಕುವವರಿಲ್ಲ. ಆಳ, ಮೇವು, ಮುಳುಗಿದ ಬೊಡ್ಡೆಗಳ ಮರೆ, ಕಾವೇರಿಗೆ ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ಜಾಗ, ಹೀಗೆ ಅದಕ್ಕೆ ಬೇಕಾದಲ್ಲಿ ಗುಂಪುಗಟ್ಟುತ್ತದೆ. ಆದ್ದರಿಂದ ‘ಎಷ್ಟು’ ಎಂದು ಕೇಳುವ ಮೊದಲು ‘ಎಲ್ಲಿ’ ಎಂದು ಕೇಳಬೇಕು.

ಹೀಗೆ ಕೇಳುವುದನ್ನು ಕಲಿಸಿದ್ದು ಮೀನಲ್ಲ, ಚಿನ್ನ. ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೆ ಹರಿದದ್ದನ್ನು ಮಂಡ್ಯದವರಿಗೆ ಹೇಳಬೇಕಿಲ್ಲ. ಈ ಗಣಿತ ಹುಟ್ಟಿದ್ದು ಮಾತ್ರ ದಕ್ಷಿಣ ಆಫ್ರಿಕದ ಗಣಿಗಳಲ್ಲಿ. ಕೆಲವೇ ಕಡೆ ಕೊರೆದು ತೆಗೆದ ಮಾದರಿಗಳಿಂದ ನಡುವಿನ ನೆಲದಲ್ಲಿ ಎಷ್ಟು ಚಿನ್ನವಿದೆಯೆಂದು ಅಂದಾಜಿಸುವ ಬಗೆಯನ್ನು ಡ್ಯಾನಿ ಕ್ರೀಗ್ ಎಂಬ ಎಂಜಿನಿಯರ್ 1951ರಲ್ಲಿ ಬರೆದ. ಫ್ರಾನ್ಸಿನ ಜಾರ್ಜ್ ಮಾಥೆರೋನ್ ಅದಕ್ಕೆ ಗಣಿತದ ಅಡಿಪಾಯ ಹಾಕಿ, ಕ್ರೀಗ್‌ನ ಹೆಸರನ್ನೇ ಇಟ್ಟ: ಕ್ರಿಗಿಂಗ್.

ಅದರ ಜೀವಾಳ ವೇರಿಯೋಗ್ರಾಮ್ ಎಂಬ ಗೆರೆ. ಬಲೆ ಹಾಕಿದ ಜಾಗಗಳನ್ನು ಎರಡೆರಡಾಗಿ ಜೋಡಿಸಿ. ಪ್ರತಿ ಜೋಡಿಯಲ್ಲಿ ಸಿಕ್ಕ ಮೀನಿನ ವ್ಯತ್ಯಾಸವನ್ನು ವರ್ಗ ಮಾಡಿ. ಒಂದೇ ದೂರದ ಜೋಡಿಗಳದನ್ನೆಲ್ಲ ಸೇರಿಸಿ ಸರಾಸರಿ ತೆಗೆದು, ಅದರ ಅರ್ಧವನ್ನು ಆ ದೂರದ ಎದುರು ಗುರುತಿಸಿ. ಹತ್ತಿರದವು ಒಂದನ್ನೊಂದು ಹೋಲುವುದರಿಂದ ಗೆರೆ ಕೆಳಗಿನಿಂದ ಹೊರಟು ಏರುತ್ತದೆ, ಆಮೇಲೆ ಚಪ್ಪಟೆಯಾಗುತ್ತದೆ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ನಮ್ಮ ಮನೆಗೆ ಬರುತ್ತದೆ, ನಾಲ್ಕನೆಯ ಬೀದಿಯದು ಬರುವುದಿಲ್ಲ. ವಾಸನೆ ಎಲ್ಲಿ ನಿಲ್ಲುತ್ತದೋ ಗೆರೆ ಅಲ್ಲಿ ಚಪ್ಪಟೆ. ಅದರಾಚೆಯ ಬಲೆ ಈ ಜಾಗದ ಬಗ್ಗೆ ಹೊಸದೇನೂ ಹೇಳದು. ಸೋಜಿಗವೆಂದರೆ, ದೂರ ಸೊನ್ನೆಯತ್ತ ಇಳಿದರೂ ಗೆರೆ ಸೊನ್ನೆ ಮುಟ್ಟದೆ ಇರಬಹುದು. ಗಣಿಯವರು ಇದನ್ನು ‘ನಗೆಟ್’ ಎಂದರು. ಒಂದು ಕಡೆ ಚಿನ್ನದ ಗಟ್ಟಿ ಸಿಕ್ಕರೆ ಒಂದು ಗೇಣಿನಾಚೆ ಬರೀ ಕಲ್ಲು. ಮೀನಿನ ಗುಂಪೂ ಹಾಗೆಯೇ.

ಗೆರೆ ಸಿಕ್ಕಿತೆಂದರೆ, ಬಲೆ ಹಾಕದ ಜಾಗಕ್ಕೂ ಅಂದಾಜು ಕಟ್ಟಬಹುದು. ಹತ್ತಿರದ ಬಲೆಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಒತ್ತೊತ್ತಾಗಿ ಹಾಕಿದ ಎರಡು ಬಲೆಗಳು ತೂಕವನ್ನು ಹಂಚಿಕೊಳ್ಳುತ್ತವೆ. ಒಂದೇ ಜಗಲಿಯಲ್ಲಿ ಕುಳಿತ ಇಬ್ಬರು ಹೇಳಿದ ಸುದ್ದಿ ಎರಡು ಸಾಕ್ಷಿಯಾಗದಲ್ಲ! ಅಂದಾಜು ಎಲ್ಲಿ ಎಷ್ಟು ತಪ್ಪಬಹುದು ಎಂಬುದೂ ಜೊತೆಗೇ ಸಿಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಮೀನು ಇರುವಲ್ಲಿಗೇ ಹೋಗಿ ಬಲೆ ಹಾಕಿದರೆ ಮಾತ್ರ ಲೆಕ್ಕ ಹಾದಿ ತಪ್ಪುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಕಾಡ್ ಮೀನು ಕಡಿಮೆಯಾಗುತ್ತ ಉಳಿದದ್ದು ಗುಂಪುಗೂಡಿತು. ದೋಣಿಗಳು ಆ ಗುಂಪನ್ನೇ ಹುಡುಕಿ ಹಿಡಿದವು, ಬಲೆ ತುಂಬುತ್ತಲೇ ಇತ್ತು. 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕಟ್ಟೆಯ ಮೇಲೆ ನಿಂತರೆ ಈಚೆಯ ಹಿನ್ನೀರಿಗೂ ಆಚೆಯ ಹೊಳೆಗೂ ನಡುವೆ ಇರುವುದು ಒಂದು ಗೋಡೆಯಷ್ಟೇ. ನಕ್ಷೆಗೆ ಅವು ನೆರೆಹೊರೆ, ಮೀನಿಗಲ್ಲ. ತೂಬಿನ ನೀರಿನೊಡನೆ ಕೆಳಗೆ ಬಿದ್ದ ಮರಿ ಮತ್ತೆ ಮೇಲೇರಲಾರದು. ಅದಕ್ಕಾಗಿಯೇ ನದಿಗಳ ಲೆಕ್ಕದಲ್ಲಿ ದೂರವನ್ನು ಕಾಗೆ ಹಾರಿದಂತೆ ಅಳೆಯದೆ ನೀರು ಹರಿದ ದಾರಿಯಲ್ಲಿ ಅಳೆಯುತ್ತಾರೆ. ಎರಡು ಹೊಳೆ ಕೂಡಿದರೆ, ಹೆಚ್ಚು ನೀರು ತಂದದ್ದಕ್ಕೆ ಹೆಚ್ಚು ತೂಕ ಕೊಡುತ್ತಾರೆ.