‘ಅದಕ್ಕ ಗೊತ್ತಿರ್ತೈತಲ್ರಿ ಸಾಹೇಬ್ರ’

ದೀಪಾವಳಿ ಸುತ್ತಮುತ್ತ ಗೋವಿನಜೋಳ ಕಣಕ್ಕೆ ಬರುವ ಹೊತ್ತಿಗೆ ನನ್ನ ಫೋನು ರಾತ್ರಿ ಹೊತ್ತು ಹೊಡೆದುಕೊಳ್ಳಲು ಶುರು ಮಾಡುತ್ತದೆ. ಹಾವೇರಿ ಜಿಲ್ಲೆಯಲ್ಲಿ ದನದ ಡಾಕ್ಟರಾಗಿ ಇಪ್ಪತ್ತೆರಡು ವರ್ಷ ಆಯಿತು. ಸುಗ್ಗಿಯ ಆ ಒಂದೂವರೆ ತಿಂಗಳು ಫೋನು ಸೈಲೆಂಟ್ ಮಾಡಿ ಮಲಗಿದ್ದು ನೆನಪಿಲ್ಲ.

ಹೋದ ವರ್ಷ ಬ್ಯಾಡಗಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ರಾತ್ರಿ ಎಮ್ಮೆ ಕಣ್ಣಿ ಹರಿದುಕೊಂಡು ಕಣಕ್ಕೆ ಹೋಗಿ, ಒಣಹಾಕಿದ್ದ ಗೋವಿನಜೋಳಕ್ಕೆ ಬಾಯಿ ಹಾಕಿತ್ತು. ಮನೆಯವರು ನೋಡಿದ್ದು ಬೆಳಗ್ಗೆ ಐದಕ್ಕೆ. ನನಗೆ ಫೋನು ಬಂದಿದ್ದು ಮರುದಿನ ಮಧ್ಯಾಹ್ನ. ಹೋಗಿ ನೋಡಿದರೆ ಎಮ್ಮೆ ನೆಲ ಹಿಡಿದಿದೆ. ಕಣ್ಣು ಒಳಗೆ ಹೋಗಿವೆ, ಮೆಲುಕು ನಿಂತಿದೆ, ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತಿದೆ.

"ನಿನ್ನೆನ ಯಾಕ ಫೋನ್ ಮಾಡಲಿಲ್ಲಪಾ?" ಅಂದೆ.

"ಎಷ್ಟ್ ಬೇಕೋ ಅಷ್ಟ ತಿಂದಿರತೈತಿ ಅಂದ್ಕೊಂಡ್ವಿರಿ. ಮೂಕ ಪ್ರಾಣಿ, ಅದಕ್ಕ ಗೊತ್ತಿರ್ತೈತಲ್ರಿ ಸಾಹೇಬ್ರ."

ಎಮ್ಮೆ ಸಂಜೆಗೆ ಸತ್ತಿತು. ದಿನಕ್ಕೆ ಹತ್ತು ಲೀಟರ್ ಕೊಡುತ್ತಿದ್ದ ಎಮ್ಮೆ. ಆ ಮನುಷ್ಯ ಕಂಬಕ್ಕೆ ಒರಗಿ ಕೂತುಬಿಟ್ಟ. ಬೈಯಬೇಕು ಅಂತ ಬಾಯಿಗೆ ಬಂದಿದ್ದು ಅವನ ಮುಖ ನೋಡಿ ಅಲ್ಲೇ ನಿಂತಿತು. ಅವತ್ತು ಬೈಯಲಾಗದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಅದಕ್ಕೆ ಗೊತ್ತಿರುತ್ತದೆ. ಈ ಮಾತನ್ನು ನಾನು ಕೇಳದ ವಾರ ಇಲ್ಲ. ಓದದವರು ಮಾತ್ರ ಹೇಳುತ್ತಾರೆ ಅಂತ ತಿಳಿಯಬೇಡಿ. ಹುಬ್ಬಳ್ಳಿಯಲ್ಲಿ ನಾಯಿ ಸಾಕಿದ ಇಂಜಿನಿಯರೂ ಹೇಳುತ್ತಾರೆ, ಧಾರವಾಡದಲ್ಲಿ ಎರಡು ಆಕಳು ಕಟ್ಟಿದ ಪ್ರೊಫೆಸರರೂ ಹೇಳುತ್ತಾರೆ. ಪ್ರೊಫೆಸರರು ಅದನ್ನೇ ಸ್ವಲ್ಪ ಗಟ್ಟಿ ಮಾಡಿ ‘ಸಹಜ ಪ್ರವೃತ್ತಿ’ ಅನ್ನುತ್ತಾರೆ, ಅಷ್ಟೇ.

ಸಹಜ ಪ್ರವೃತ್ತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಖಂಡಿತ ಇದೆ. ಆಗತಾನೇ ಹುಟ್ಟಿದ ಕರು ಒಂದು ತಾಸಿನೊಳಗೆ ಎದ್ದು, ನಾಲ್ಕು ಸಲ ಬಿದ್ದು, ತಾಯಿಯ ಹೊಟ್ಟೆಯ ಕೆಳಗೆ ಮೂತಿ ಹಾಕುತ್ತದಲ್ಲ, ಅದಕ್ಕೆ ಯಾರೂ ಪಾಠ ಮಾಡಿಲ್ಲ. ನನ್ನ ತಕರಾರು ‘ಗೊತ್ತು’ ಅನ್ನುವ ಪದದ ಮೇಲೆ. ಕರುವಿಗೆ ಹಾಲು ಅಂದರೆ ಏನು, ಕುಡಿಯದಿದ್ದರೆ ಏನಾಗುತ್ತದೆ, ಯಾವುದೂ ಗೊತ್ತಿಲ್ಲ. ಮೇಲೆ ನೆರಳು, ಮೈಗೆ ಬೆಚ್ಚಗೆ, ಮೂತಿಗೆ ಮೆತ್ತಗೆ ತಾಗಿದರೆ ಚೀಪು ಅಂತ ಅದರ ಮೈ ಹೇಳುತ್ತದೆ. ಅದಕ್ಕೇ ಕೆಲವು ಕರು ಕೆಚ್ಚಲು ಬಿಟ್ಟು ತಾಯಿಯ ಮುಂಗಾಲಿನ ಸಂದಿಯನ್ನು ಅರ್ಧ ತಾಸು ಚೀಪುತ್ತಾ ನಿಲ್ಲುತ್ತವೆ. ನೋಡಿದವರು ನಗುತ್ತಾರೆ. ನಗುವುದರ ಜೊತೆಗೆ ಸ್ವಲ್ಪ ಯೋಚಿಸಿದ್ದರೆ ನನಗೆ ಈ ಅಂಕಣ ಬರೆಯುವ ಕೆಲಸ ತಪ್ಪುತ್ತಿತ್ತು.

ಒಮ್ಮೆ ಮಾಗಡಿ ಕೆರೆಯ ದಂಡೆಯಲ್ಲಿ ಒಬ್ಬ ನಿವೃತ್ತ ಮಾಸ್ತರರು ನನ್ನ ಜೊತೆ ಜಗಳಕ್ಕೇ ನಿಂತಿದ್ದರು. ಗದಗ ಜಿಲ್ಲೆಯ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. 2024ರಲ್ಲಿ ಇದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. "ಮಂಗೋಲಿಯಾದಿಂದ ಹಿಮಾಲಯ ದಾಟಿ ಬರ್ತಾವ. ಮ್ಯಾಪ್ ಇಲ್ಲ, ಮೊಬೈಲ್ ಇಲ್ಲ. ಗೊತ್ತಿಲ್ಲದ ಬರ್ತಾವೇನ್ರಿ?" ಅಂದರು ಮಾಸ್ತರರು.

ಒಳ್ಳೆಯ ಪ್ರಶ್ನೆ. ಚಳಿ ಹತ್ತಿರ ಬಂದಾಗ ಹೊರಡಬೇಕು ಅನ್ನುವ ತಳಮಳ ಹೆಬ್ಬಾತಿಗೆ ಹುಟ್ಟಿನಿಂದಲೇ ಬಂದದ್ದು. ಆದರೆ ದಾರಿ ಹಾಗಲ್ಲ. ಮರಿಗಳು ಮೊದಲ ವರ್ಷ ಅಪ್ಪ ಅಮ್ಮನ ಜೊತೆ ಹಾರಿ ದಾರಿ ಕಲಿಯುತ್ತವೆ. ಯುರೋಪಿನ ಕೋಗಿಲೆಯ ಕಥೆ ಬೇರೆ. ಅದರ ಮರಿ ಬೆಳೆಯುವುದು ಬೇರೆ ಹಕ್ಕಿಯ ಗೂಡಿನಲ್ಲಿ. ಹೆತ್ತವರು ಮೊದಲೇ ಹೋಗಿಬಿಟ್ಟಿರುತ್ತಾರೆ. ಆದರೂ ಮರಿ ಒಂಟಿಯಾಗಿ ಆಫ್ರಿಕಾ ಮುಟ್ಟುತ್ತದೆ. ಅಲ್ಲಿ ಕಲಿಸುವವರೇ ಇಲ್ಲ. ಎಷ್ಟು ಹುಟ್ಟಿನದು, ಎಷ್ಟು ಕಲಿತದ್ದು ಅನ್ನುವುದು ಜಾತಿಯಿಂದ ಜಾತಿಗೆ ಬದಲಾಗುತ್ತದೆ. ‘ಪ್ರಾಣಿಗಳಿಗೆ ಎಲ್ಲಾ ಗೊತ್ತು’ ಅಂತ ಒಟ್ಟಿಗೆ ಗಂಟು ಕಟ್ಟಲು ಆಗುವುದಿಲ್ಲ.

ಹೆಬ್ಬಾತಿನ ಇನ್ನೊಂದು ವಿಷಯ ಹೇಳಿದ ಮೇಲೆ ಮಾಸ್ತರರು ಸುಮ್ಮನಾದರು. ಕೊನ್ರಾಡ್ ಲೊರೆಂಜ್ ಮತ್ತು ನಿಕೊ ಟಿನ್‌ಬರ್ಗನ್ ಅಂತ ಇಬ್ಬರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ 1973ರಲ್ಲಿ ಇವರಿಗೂ, ಜೇನಿನ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೂ ನೊಬೆಲ್ ಬಂತು. ಕಾವಿಗೆ ಕೂತ ಬೂದು ಹೆಬ್ಬಾತಿನ ಗೂಡಿನಿಂದ ಮೊಟ್ಟೆ ಹೊರಗೆ ಉರುಳಿದರೆ, ಅದು ಕುತ್ತಿಗೆ ಚಾಚಿ ಕೊಕ್ಕಿನ ಕೆಳಗೆ ಮೊಟ್ಟೆಯನ್ನು ಒಳಗೆ ಉರುಳಿಸಿಕೊಳ್ಳುತ್ತದೆ. ಎಂಥ ತಾಯಿ ಅನ್ನಿಸುತ್ತದೆ, ಅಲ್ವಾ? ಅರ್ಧ ದಾರಿಯಲ್ಲಿ ಮೊಟ್ಟೆಯನ್ನು ತೆಗೆದುಬಿಟ್ಟರು. ಹೆಬ್ಬಾತು ನಿಲ್ಲಿಸಲಿಲ್ಲ. ಖಾಲಿ ಕೊಕ್ಕನ್ನೇ ನಿಧಾನವಾಗಿ ಗೂಡಿನ ತನಕ ಎಳೆದುಕೊಂಡು ಬಂತು.

ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ಗುರುತು ಕಂಡಿತು, ಕೆಲಸ ಶುರುವಾಯಿತು, ಮುಗಿಯಿತು. ಯಾಕೆ ಅನ್ನುವುದು ಹೆಬ್ಬಾತಿನ ತಲೆಯಲ್ಲಿ ಇಲ್ಲ. ಅದರ ಲಕ್ಷಾಂತರ ಅಜ್ಜಿಯರಲ್ಲಿ ಹೀಗೆ ಎಳೆದುಕೊಂಡವರ ಮರಿ ಉಳಿದವು, ಎಳೆದುಕೊಳ್ಳದವರವು ಉಳಿಯಲಿಲ್ಲ. ಆ ಲೆಕ್ಕ ಮೈಯಲ್ಲಿ ಕೂತಿದೆ. ಅಜ್ಜಿಯರ ಕಾಲದಲ್ಲಿ ಮೊಟ್ಟೆ ಕದಿಯುವ ವಿಜ್ಞಾನಿ ಇರಲಿಲ್ಲ. ಹಾಗಾಗಿ ಅವನಿಗೆ ಅದರ ಹತ್ತಿರ ಉತ್ತರವೂ ಇಲ್ಲ.

ಈಗ ಎಮ್ಮೆಗೆ ಬರೋಣ. ಅದರ ಅಜ್ಜಿಯರು ಗೋವಿನಜೋಳದ ರಾಶಿ ಕಂಡಿದ್ದರಾ? ಕಾಡಿನಲ್ಲಿ ಕಾಳು ಹುಲ್ಲಿನ ತುದಿಗೆ ಒಂದೊಂದು ಚೂರು ಸಿಗುತ್ತದೆ. ಸಿಕ್ಕಾಗ ಬಿಡಬೇಡ ಅನ್ನುವುದು ಒಳ್ಳೆಯ ಬುದ್ಧಿಯೇ. ‘ಸಾಕು’ ಅನ್ನುವ ಬ್ರೇಕು ಬೇರೆ ಕಡೆ ಇದೆ. ನಾರು ತುಂಬಿದ ಮೇವು, ಗಂಟೆಗಟ್ಟಲೆ ಅಗಿತ, ಹೊಟ್ಟೆ ತುಂಬಿದ ಭಾರ, ಇವು ದನವನ್ನು ನಿಲ್ಲಿಸುತ್ತವೆ. ಕಾಳು ಅಷ್ಟು ಜಾಗ ಹಿಡಿಯುವುದಿಲ್ಲ, ಅಷ್ಟು ಅಗಿಯಬೇಕಾಗಿಯೂ ಇಲ್ಲ. ಬ್ರೇಕು ಬೀಳುವಷ್ಟರಲ್ಲಿ ಬುಟ್ಟಿಗಟ್ಟಲೆ ಒಳಗೆ ಹೋಗಿರುತ್ತದೆ. ಆಮೇಲೆ ದೊಡ್ಡ ಹೊಟ್ಟೆಯಲ್ಲಿ ಪಿಷ್ಟ ಹುಳಿಯಾಗಿ ಲ್ಯಾಕ್ಟಿಕ್ ಆಮ್ಲ ಆಗುತ್ತದೆ, ಮೈಯ ನೀರು ಹೊಟ್ಟೆಗೆ ಇಳಿಯುತ್ತದೆ, ರಕ್ತವೂ ಹುಳಿಯಾಗುತ್ತದೆ. ಮೊದಲ ಕೆಲವು ತಾಸು ದನ ನೋಡಲು ಚೆನ್ನಾಗಿಯೇ ಇರುತ್ತದೆ. ಮೋಸ ಇರುವುದೇ ಅಲ್ಲಿ. ಎಷ್ಟು ತಿಂದರೆ ಅಪಾಯ ಅಂತ ಕೇಳಬೇಡಿ, ನಾನು ಕೆಜಿ ಲೆಕ್ಕ ಹೇಳುವುದಿಲ್ಲ. ಹಿಂಡಿ-ಕಾಳಿನ ರೂಢಿ ಇದೆಯೋ ಇಲ್ಲವೋ, ಇಡೀ ಕಾಳೋ ಹಿಟ್ಟೋ, ಎಲ್ಲದರ ಮೇಲೂ ಹೋಗುತ್ತದೆ. ಹಿಟ್ಟು, ನುಚ್ಚು ಇನ್ನೂ ಜಾಸ್ತಿ ಅಪಾಯ. ರಾಶಿಗೆ ಬಾಯಿ ಹಾಕಿದ್ದು ಕಂಡರೆ ಸುಮ್ನೆ ಕಾಯಬೇಡಿ, ಆಗಲೇ ಫೋನ್ ಮಾಡಿ. ನನಗೆ ಅಲ್ಲದಿದ್ದರೆ ಬೇರೆ ಡಾಕ್ಟರಿಗೆ.

ನಾವು ಬೇರೆಯವರೇನೂ ಅಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಸಿಹಿ ತಾಗಿಸಿದರೆ ತುಟಿ ಚಪ್ಪರಿಸುತ್ತದೆ, ಕಹಿ ತಾಗಿಸಿದರೆ ಮುಖ ಕಿವಿಚುತ್ತದೆ. ಹಣ್ಣು ಹುಡುಕಿ ತಿನ್ನುತ್ತಿದ್ದ ಕಾಲದ ನಾಲಿಗೆ ಅದು. ಆ ನಾಲಿಗೆಯ ಮುಂದೆ ಧಾರವಾಡದ ಲೈನ್ ಬಜಾರಿನ ಪೇಢೆಯ ಡಬ್ಬಿ ಇಟ್ಟರೆ ಏನಾಗುತ್ತದೆ ಅಂತ ನನ್ನ ಸಕ್ಕರೆ ರಿಪೋರ್ಟು ಹೇಳುತ್ತದೆ. ನಮ್ಮ ಮನೆಯಲ್ಲಿ ಡಬ್ಬಿಯನ್ನು ಕಪಾಟಿನ ಮೇಲಿನ ಅರೆಗೆ ಏರಿಸಿದ್ದಾರೆ. ‘ಡಾಕ್ಟರು, ಅವರಿಗೆ ಗೊತ್ತಿರುತ್ತದೆ’ ಅಂತ ನನ್ನ ಹೆಂಡತಿ ಬಿಟ್ಟಿಲ್ಲ.

ಎಳೆ ಜೋಳದ್ದು ಇನ್ನೂ ಕೆಟ್ಟ ಕಥೆ. ಮಳೆ ಕೈಕೊಟ್ಟು ಬಾಡಿದ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ, ಇವುಗಳಲ್ಲಿ ಸೈನೈಡ್ ಆಗುವ ಅಂಶ ಜಾಸ್ತಿ. ದನ ಅದನ್ನು ಆಸೆಪಟ್ಟು ತಿನ್ನುತ್ತದೆ. ಕೆಲವೊಮ್ಮೆ ಹೊಲದಿಂದ ಮನೆ ಮುಟ್ಟುವುದಿಲ್ಲ. "ವಿಷ ಇದ್ದರ ಮೂಸಿ ಬಿಡತಿತ್ತಲ್ರಿ" ಅನ್ನುತ್ತಾರೆ. ಕೇಳಿ. ಪ್ರಾಣಿಗಳು ಕೆಟ್ಟ ಮೇವು ಬಿಡುವುದನ್ನು ಬಹಳ ಮಟ್ಟಿಗೆ ಕಲಿಯುತ್ತವೆ. ತಿಂದ ಮೇಲೆ ಹೊಟ್ಟೆ ತೊಳಸಿದರೆ ಆ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ. 1966ರಲ್ಲಿ ಮನಃಶಾಸ್ತ್ರಜ್ಞ ಜಾನ್ ಗಾರ್ಸಿಯಾ ಇಲಿಗಳಲ್ಲಿ ಇದನ್ನು ತೋರಿಸಿದರು. ಇಲಿ ತನ್ನ ಸಂಕಟವನ್ನು ರುಚಿಗೆ ಗಂಟು ಹಾಕಿತು, ಅದೇ ಹೊತ್ತಿಗೆ ಇದ್ದ ದೀಪ-ಸದ್ದಿಗೆ ಹಾಕಲಿಲ್ಲ. ಅಂದರೆ ಏನನ್ನು ಬೇಗ ಕಲಿಯಬೇಕು ಅನ್ನುವುದೂ ಹುಟ್ಟಿನಿಂದಲೇ ಬರುತ್ತದೆ. ಆದರೆ ಆ ಪಾಠಕ್ಕೆ ಪ್ರಾಣಿ ಬದುಕಿ ಉಳಿಯಬೇಕು. ಸೈನೈಡ್ ಎರಡನೇ ತರಗತಿಗೆ ಕಳಿಸುವುದಿಲ್ಲ. ಚೆನ್ನಾಗಿ ಬಲಿತು ಒಣಗಿದ ಕಣಿಕೆಯ, ಅಂದರೆ ಜೋಳದ ದಂಟಿನ ಬಗ್ಗೆ ನಾನು ಇಷ್ಟು ಹೆದರಿಸುವುದಿಲ್ಲ.

ಹಾಗಾದರೆ ದನಕ್ಕೆ ಮೇವಿನಲ್ಲಿ ಏನೂ ಗೊತ್ತಿಲ್ಲವಾ? ಉಪ್ಪು ಗೊತ್ತು. ಉಪ್ಪಿನ ಹಸಿವು ನಿಜವಾಗಿಯೂ ಹುಟ್ಟಿನದು, ಕೊರತೆಯಾದರೆ ಹುಡುಕಿಕೊಂಡು ಹೋಗುತ್ತದೆ. ಇದನ್ನು ನೋಡಿಯೇ ಜನ, ಖನಿಜ ಮಿಶ್ರಣದ ಇಟ್ಟಿಗೆ ತೂಗುಹಾಕಿ ‘ಬೇಕಾದ್ದನ್ನು ನೆಕ್ಕಿಕೊಳ್ಳಲಿ’ ಅಂತ ಕೈತೊಳೆದುಕೊಳ್ಳುತ್ತಾರೆ. ಅದು ನೆಕ್ಕುವುದು ಉಪ್ಪಿಗೆ. ಸತುವು, ತಾಮ್ರದ ಲೆಕ್ಕ ಅದರ ನಾಲಿಗೆಗೆ ತಿಳಿಯದು. ರಂಜಕ ಕಡಿಮೆಯಾದ ಆಕಳು ಎಲುಬು ಕಡಿಯುತ್ತದೆ, ಹಗ್ಗ ಕಡಿಯುತ್ತದೆ, ಚಪ್ಪಲಿಯನ್ನೂ ಕಡಿಯುತ್ತದೆ. ಏನೋ ಬೇಕು ಅನ್ನುವಷ್ಟು ಮಾತ್ರ ಮೈ ಹೇಳಿದೆ. ಚಪ್ಪಲಿಯಲ್ಲಿ ರಂಜಕ ಇಲ್ಲ ಅಂತ ನೀವು ಹೇಳಬೇಕು.

ಇನ್ನು ಚಿಗರಿ. ಹುಬ್ಬಳ್ಳಿ-ಧಾರವಾಡದವರಿಗೆ ಚಿಗರಿ ಅಂದರೆ ಈಗ ಎಸಿ ಬಸ್ಸು. ನಾನು ಹೇಳುತ್ತಿರುವುದು ರಾಣೆಬೆನ್ನೂರು ಅಭಯಾರಣ್ಯದ ಕೃಷ್ಣಮೃಗ. ಅದರ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಹುಲ್ಲಿನಲ್ಲಿ ಅಲ್ಲಾಡದೆ ಬಿದ್ದಿರುತ್ತದೆ. ತಾಯಿ ದೂರ ಮೇಯುತ್ತಿದ್ದು, ಹಾಲುಣಿಸಲು ಮಾತ್ರ ಬಂದು ಹೋಗುತ್ತದೆ. ತೋಳ, ನರಿಯ ಕಣ್ಣಿಗೆ ಬೀಳದಿರಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಟ್ರ್ಯಾಕ್ಟರ್ ಬಂದರೂ ಅದೇ ಉಪಾಯ, ಅಲ್ಲಿ ಅದು ಸಾಯುತ್ತದೆ. ಮನುಷ್ಯ ಬಂದರೂ ಅದೇ ಉಪಾಯ, ಆಗ ‘ಪಾಪ, ತಾಯಿ ಬಿಟ್ಟುಹೋಗಿದೆ’ ಅಂತ ಎತ್ತಿಕೊಂಡು ಬರುತ್ತಾರೆ. ಒಮ್ಮೆ ಇಬ್ಬರು ಹುಡುಗರು ಟವೆಲ್‌ನಲ್ಲಿ ಸುತ್ತಿ ತಂದಿದ್ದರು. ಎಷ್ಟು ಪ್ರೀತಿಯಿಂದ ತಂದಿದ್ದರು ಅಂದರೆ ಗದರಿಸಲು ಮನಸ್ಸು ಬರಲಿಲ್ಲ. ಆದರೂ ಗದರಿಸಿದೆ. ಅರಣ್ಯ ಇಲಾಖೆಯವರಿಗೆ ಹೇಳಿ, ಎತ್ತಿದ ಜಾಗದಲ್ಲೇ ಇಡಿಸಿ, ಎಲ್ಲರನ್ನೂ ದೂರ ಕಳಿಸಿದೆವು. ಕತ್ತಲಾಗುವ ಹೊತ್ತಿಗೆ ತಾಯಿ ಬಂತು. ಎಲ್ಲಾ ಸಲ ಹೀಗಾಗುತ್ತದೆ ಅಂತ ಮಾತು ಕೊಡಲಾರೆ.

‘ಗೊತ್ತಿರುತ್ತದೆ’ ಅನ್ನುವ ಈ ಮಾತು ಮನುಷ್ಯರ ತನಕ ಬಂದಾಗ ನನಗೆ ಸಿಟ್ಟು ಜಾಸ್ತಿ. ನನ್ನ ಮಗಳ ಹೆರಿಗೆಯಾದಾಗ ಮೊದಲ ಎರಡು ದಿನ ಕೂಸು ಸರಿಯಾಗಿ ಹಾಲು ಹಿಡಿಯಲಿಲ್ಲ. ನೋಡಲು ಬಂದವರೆಲ್ಲ "ತಾಯಿ ಅಂದಮ್ಯಾಲೆ ತಾನಾಗೇ ಬರ್ತೈತಿ" ಅಂದರು. ಬರಲಿಲ್ಲ. ನನ್ನಲ್ಲೇ ಏನೋ ಕೊರತೆ ಅಂತ ಅವಳು ಅಳುತ್ತಾ ಕೂತಳು. ಕೆನ್ನೆಗೆ ಏನಾದರೂ ತಾಗಿದರೆ ಅತ್ತ ತಿರುಗಿ ಬಾಯಿ ತೆರೆಯುವುದು ಕೂಸಿಗೆ ಹುಟ್ಟಿನಿಂದ ಬಂದಿದೆ. ಹಿಡಿದುಕೊಳ್ಳುವ ರೀತಿ ತಾಯಿಗೆ ಬಂದಿಲ್ಲ, ಅದು ಕಲಿಯುವ ಕೆಲಸ. ಮೃಗಾಲಯದಲ್ಲಿ ತಮ್ಮವರಿಲ್ಲದೆ ಬೆಳೆದ ಗೊರಿಲ್ಲಾಗಳಿಗೂ ತಾಯಿಯಾದಾಗ ಇದೇ ಪಜೀತಿ ಆಗಿದೆ. ವಯಸ್ಸಾದ ಒಬ್ಬ ನರ್ಸಮ್ಮ ಬಂದು, ಕೂಸಿನ ತಲೆಯನ್ನು ಸ್ವಲ್ಪ ಓರೆ ಮಾಡಿ, "ಹಿಂಗ ಹಿಡಕೋ ತಂಗಿ" ಅಂದರು. ಐದು ನಿಮಿಷದ ಕೆಲಸ. ನಾನು, ಸಾವಿರ ಕರುಗಳನ್ನು ಕೆಚ್ಚಲಿಗೆ ಹಚ್ಚಿದವನು, ಬಾಗಿಲಲ್ಲಿ ನಿಂತಿದ್ದೆ.

ಕರು ಅಂದಾಗ ನೆನಪಾಯಿತು. ಎಮ್ಮೆ ಕಳೆದುಕೊಂಡನಲ್ಲ, ಬ್ಯಾಡಗಿ ಕಡೆಯವನು, ಅವನು ಈ ಸಲ ಕಣದ ಸುತ್ತ ಬೇಲಿ ಹಾಕಿದ್ದಾನೆ. ಹೋದ ವಾರ ಬೆಳಗಿನ ಜಾವ ಫೋನ್ ಮಾಡಿದ. ಮಣಕ ಮೊದಲ ಸಲ ಈದಿದೆ, ಎರಡು ತಾಸಾಯಿತು, ಮಾಸು ಇನ್ನೂ ಬಿದ್ದಿಲ್ಲ, ಕರುವನ್ನು ದೂರ ಕಟ್ಟಿದ್ದೇವೆ, ಅದು ಒಂದೇ ಸಮನೆ ಒದರುತ್ತಿದೆ ಅಂದ. ಮಾಸು ಬೀಳುವ ತನಕ ಗಿಣ್ಣದ ಹಾಲು ಕುಡಿಸಬಾರದು ಅಂತ ಇಲ್ಲಿ ಬಹಳ ಮನೆಗಳಲ್ಲಿ ನಂಬುತ್ತಾರೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಕರುವಿಗೆ ರೋಗ ತಡೆಯುವ ಶಕ್ತಿ ಬಂದಿರುವುದಿಲ್ಲ, ಬರುವುದು ಈ ಹಾಲಿನಿಂದ. ಅದನ್ನು ರಕ್ತಕ್ಕೆ ಹೀರಿಕೊಳ್ಳುವ ಕರುಳಿನ ಬಾಗಿಲು ತಾಸು ತಾಸಿಗೂ ಮುಚ್ಚುತ್ತಾ ಹೋಗಿ ಒಂದು ದಿನದಲ್ಲಿ ಪೂರ್ತಿ ಮುಚ್ಚುತ್ತದೆ.

"ಈಗಿಂದೀಗ ಬಿಡು. ಅದು ಹುಡುಕ್ಕೋತೈತಿ," ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅಲ್ರಿ ಸಾಹೇಬ್ರ, ಹ್ವಾದ ವರ್ಷ ಎಮ್ಮಿಗೆ ಗೊತ್ತಿಲ್ಲ ಅಂದ್ರಿ. ಈಗ ನಿನ್ನೆ-ಮೊನ್ನೆ ಹುಟ್ಟಿದ್ದಕ್ಕ ಗೊತ್ತೈತಿ ಅಂತೀರಿ. ಯಾವ್ದರ ಒಂದ್ ಹೇಳ್ರಿ."

ವಿವರಿಸಲು ಬಾಯಿ ತೆರೆದೆ. ಹಿಂದಿನಿಂದ ಕರು ಒದರುವುದು ಕೇಳಿಸುತ್ತಲೇ ಇತ್ತು. "ಮೊದ್ಲ ಕಣ್ಣಿ ಬಿಚ್ಚು ಮಾರಾಯ, ಆಮ್ಯಾಲೆ ಹೇಳ್ತೀನಿ," ಅಂದೆ.